ಹೊಳೆಯ ಈಚೆ ಪಟೇಲ, ಆಚೆ ಪಾಟೀಲ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಓದುಕೂಟದಲ್ಲಿ ಮಾಡಿದ ಭಾಷಣದ ಲೇಖರೂಪ)



ಈ ಹೊತ್ತು ನಾನು ತಮ್ಮ ಮುಂದೆ ಇಡುವ ವಿಷಯ ಬೋನಸ್ಸಿನದಲ್ಲ, ತುಟ್ಟಿಭತ್ಯೆಯದಲ್ಲ, ತೆರಿಗೆಯದೂ ಅಲ್ಲ. ಒಂದು ಹೆಸರಿನದು. ಹೆಸರಿನ ವಿಷಯ ಮಾತಾಡುವುದಕ್ಕೆ ಒಂದು ಸಭೆ ಬೇಕೇ ಎಂದು ಕೆಲವರು ಕೇಳಬಹುದು. ಬೇಕು. ಏಕೆಂದರೆ ಬಾಡಿಗೆ ಮನೆ ಕೇಳಲು ಹೋದವನಿಗೆ ಮೊದಲು ಕೇಳುವುದು ಹೆಸರು. ಅಂಗಡಿಯಲ್ಲಿ ಉದ್ದರಿ ಕೊಡುವ ಮುಂಚೆ ಕೇಳುವುದು ಹೆಸರು. ಹೆಸರು ಹೇಳಿದ ಮೇಲೆ ಕೇಳಿದವನು ಸುಮ್ಮನಿರುವುದಿಲ್ಲ, "ಅಡ್ಡಹೆಸರು ಏನು?" ಎನ್ನುತ್ತಾನೆ. ಅವನಿಗೆ ಬೇಕಾದದ್ದು ನಮ್ಮ ಹೆಸರಲ್ಲ, ನಮ್ಮ ಜಾತಿ. ಅದನ್ನು ನೇರವಾಗಿ ಕೇಳಲು ನಾಚಿಕೆಯಾದ್ದರಿಂದ ಅಡ್ಡಹೆಸರಿನ ಅಡ್ಡದಾರಿ ಹಿಡಿಯುತ್ತಾನೆ. ಆದುದರಿಂದ ಒಂದು ಅಡ್ಡಹೆಸರನ್ನು ಹಿಡಿದು, ಅದು ಎಲ್ಲಿ ಹುಟ್ಟಿತು, ಅದರ ಅರ್ಥವೇನು, ಎಲ್ಲೆಲ್ಲಿ ಹಬ್ಬಿದೆ, ಅದರಿಂದ ಜಾತಿ ತಿಳಿಯುತ್ತದೆಯೇ ಎಂಬುದನ್ನು ವಿಚಾರ ಮಾಡೋಣ. ನಾನು ಆರಿಸಿಕೊಂಡಿರುವುದು ಪಾಟೀಲ ಎಂಬ ಹೆಸರು.

ಹರಿಹರದ ಹತ್ತಿರ ತುಂಗಭದ್ರೆ ಹರಿಯುತ್ತದೆ. 1956ಕ್ಕೆ ಮುಂಚೆ ಈಚೆ ದಂಡೆ ಮೈಸೂರು ಸಂಸ್ಥಾನ, ಆಚೆ ದಂಡೆ ಮುಂಬಯಿ ಪ್ರಾಂತ. ಈಚೆಯ ಹಳ್ಳಿಯ ಮುಖ್ಯಸ್ಥನನ್ನು ಪಟೇಲ ಎನ್ನುತ್ತಿದ್ದರು, ಆಚೆಯ ಹಳ್ಳಿಯ ಮುಖ್ಯಸ್ಥನನ್ನು ಪಾಟೀಲ ಎನ್ನುತ್ತಿದ್ದರು. ಎರಡೂ ಒಂದೇ ಶಬ್ದ. ನಡುವೆ ಇದ್ದದ್ದು ಒಂದು ಹೊಳೆ ಮತ್ತು ಎರಡು ಸರಕಾರಗಳ ಎರಡು ದಫ್ತರ.

ಈ ಶಬ್ದದ ಹಳೆಯ ರೂಪ ಪಟ್ಟಕಿಲ. ಮಾಳವದ ಪರಮಾರ ದೊರೆಗಳು 10 ಮತ್ತು 11ನೆಯ ಶತಮಾನಗಳಲ್ಲಿ ಕೊಟ್ಟ ತಾಮ್ರಶಾಸನಗಳಲ್ಲಿ ಅದು ಕಾಣುತ್ತದೆ. ಒಂದು ಊರನ್ನು ದಾನ ಕೊಡುವಾಗ, ಆ ಊರಿನ ನಿವಾಸಿಗಳಿಗೂ ಪಟ್ಟಕಿಲನಿಗೂ ಜನಕ್ಕೂ ತಿಳಿಯಲಿ ಎಂದು ದೊರೆ ಹೇಳುತ್ತಾನೆ. ಅಂದರೆ ದೊರೆಯ ಅಪ್ಪಣೆ ಊರಿಗೆ ಮುಟ್ಟುವುದು ಯಾರ ಮೂಲಕವೋ ಅವನೇ ಪಟ್ಟಕಿಲ. ಪಟ್ಟ ಎಂಬ ಮಾತು ನಮಗೆ ಹೊಸದಲ್ಲ. ಬಟ್ಟೆಯ ಪಟ್ಟಿ, ಬರಹ ಕೊರೆದ ತಗಡು, ಜಮೀನಿನ ಪಟ್ಟಾ, ಪಟ್ಟ ಕಟ್ಟುವುದು — ಇವೆಲ್ಲಾ ಒಂದೇ ಬಳಗದ ಮಾತುಗಳು. ಪಟ್ಟಕಿಲದ ನಡುವಿನ ಕಕಾರ ಜನರ ಬಾಯಲ್ಲಿ ಸವೆದು ಹೋಯಿತು. ಸಂಸ್ಕೃತದ ಸಪ್ತ ಎಂಬುದು ಸತ್ತ ಎಂದಾಗಿ ಮರಾಠಿಯಲ್ಲಿ ಸಾತ್ ಆದ ಹಾಗೆ, ಪಟ್ಟ ಎಂಬ ಒತ್ತಕ್ಷರ ಸಡಿಲಾಗಿ ಪಾಟ ಎಂದು ದೀರ್ಘವಾಯಿತು. ಹೀಗೆ ಮರಾಠಿಯಲ್ಲಿ ಪಾಟೀಲ, ಗುಜರಾತಿಯಲ್ಲಿ ಪಟೇಲ.

ಇದೇ ಕೆಲಸಕ್ಕೆ ಕನ್ನಡದಲ್ಲಿ ಬೇರೆ ಮಾತು ಇತ್ತು. ನಮ್ಮ ಶಾಸನಗಳಲ್ಲಿ, ವೀರಗಲ್ಲುಗಳಲ್ಲಿ ಹೆಜ್ಜೆ ಹೆಜ್ಜೆಗೂ ಗಾವುಂಡ ಎಂಬ ಮಾತು ಬರುತ್ತದೆ. ಊರಿನ ದನ ಹೊಡೆದುಕೊಂಡು ಹೋದಾಗ ಕಾದಿ ಸತ್ತ ಗಾವುಂಡರ ಕಲ್ಲುಗಳು ಎಷ್ಟೋ ಇವೆ. ಆ ಗಾವುಂಡನೇ ಇಂದಿನ ಗೌಡ. ಆಮೇಲೆ ವಿಜಾಪುರದ ಸುಲ್ತಾನರು, ಮರಾಠರು, ಕೊನೆಗೆ ಇಂಗ್ಲಿಷರು ಬಂದಾಗ ದಫ್ತರದ ಮಾತು ಬದಲಾಯಿತು. ಊರಿನ ಬಾಯಲ್ಲಿ ಗೌಡನಾಗಿ ಉಳಿದವನು ಸರಕಾರದ ಕಾಗದದಲ್ಲಿ ಪಾಟೀಲನಾದನು. ಉತ್ತರ ಕರ್ನಾಟಕದಲ್ಲಿ ಶಿವನಗೌಡ ಪಾಟೀಲ, ಶಂಕರಗೌಡ ಪಾಟೀಲ ಎಂಬಂಥ ಹೆಸರುಗಳು ಸಾಮಾನ್ಯ. ವಿಚಾರ ಮಾಡಿ ನೋಡಿದರೆ ಅದರಲ್ಲಿ ಒಂದೇ ಹುದ್ದೆ ಎರಡು ಸಲ ಬಂದಿದೆ. ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ. ಒಂದು ಜನರು ಕೊಟ್ಟದ್ದು, ಇನ್ನೊಂದು ಕಚೇರಿ ಕೊಟ್ಟದ್ದು.

ಪಾಟೀಲನ ಕೆಲಸವೇನು? ಊರಿನ ಕಂದಾಯ ವಸೂಲು ಮಾಡಿ ಕಟ್ಟುವುದು, ಊರಿನಲ್ಲಿ ಶಾಂತಿ ಕಾಯುವುದು, ಕಳವು ಖೂನಿಗಳ ವರದಿ ಕೊಡುವುದು, ಸರಕಾರದ ಸವಾರಿ ಬಂದಾಗ ಗಾಡಿ, ಹುಲ್ಲು, ಸೌದೆ, ಆಳು ಒದಗಿಸುವುದು. ಲೆಕ್ಕ ಬರೆಯುವುದಕ್ಕೆ ಆಚೆ ಕಡೆ ಕುಲಕರ್ಣಿ, ಈಚೆ ಕಡೆ ಶಾನುಭೋಗ. ಕೆಳಗೆ ಓಡಾಡುವುದಕ್ಕೆ ತಳವಾರ, ವಾಲಿಕಾರ, ತೋಟಿ, ನೀರಗಂಟಿ. ಪಾಟೀಲನಿಗೆ ಪ್ರತಿಫಲವಾಗಿ ಇನಾಮು ಜಮೀನು. ಅದರ ಜೊತೆಗೆ ಮಾನಪಾನ: ಹಬ್ಬದಲ್ಲಿ, ಜಾತ್ರೆಯಲ್ಲಿ, ಮದುವೆಯಲ್ಲಿ ಮೊದಲ ವೀಳ್ಯ, ಮೊದಲ ಮರ್ಯಾದೆ. ಈ ಹಕ್ಕನ್ನು ಒಟ್ಟಾಗಿ ವತನ ಎನ್ನುತ್ತಿದ್ದರು. ವತನ ತಂದೆಯಿಂದ ಮಗನಿಗೆ.

ವ್ಯಾಪಾರಿ ಬಂಧುಗಳಿಗೆ ಒಂದು ಸಂಗತಿ ರುಚಿಸಬಹುದು. ಮರಾಠರ ಕಾಲದಲ್ಲಿ ಪಾಟೀಲಕಿಯನ್ನು ಮಾರುತ್ತಿದ್ದರು, ಕೊಳ್ಳುತ್ತಿದ್ದರು. ಸಾಲಕ್ಕೆ ಸಿಕ್ಕಿದ ಪಾಟೀಲ ಅರ್ಧ ಪಾಟೀಲಕಿಯನ್ನು ಇನ್ನೊಬ್ಬನಿಗೆ ಮಾರಿ, ಇನಾಮಿನಲ್ಲಿ ಯಾರಿಗೆ ಎಷ್ಟು, ಮೊದಲ ವೀಳ್ಯ ಯಾರಿಗೆ, ಎರಡನೆಯದು ಯಾರಿಗೆ ಎಂದು ಪತ್ರ ಬರೆದುಕೊಡುತ್ತಿದ್ದನು. ಅಂಗಡಿಯನ್ನು ಅದರ ಗಿರಾಕಿಗಳ ಸಮೇತ ಮಾರಿದ ಹಾಗೆ. ಹೀಗೆ ಕೊಂಡವನೂ ಪಾಟೀಲನೇ ಆದನು. ಹೀಗಿರುವಲ್ಲಿ ಪಾಟೀಲ ಎಂದರೆ ಒಂದು ರಕ್ತ, ಒಂದು ಕುಲ ಎಂದು ಹೇಳುವುದಕ್ಕೆ ಬರುತ್ತದೆಯೇ?

ಆ ಮಾತಿನ ಬೆಲೆ ಎಷ್ಟಿತ್ತೆಂದರೆ, ದಿಲ್ಲಿಯ ಬಾದಶಹನನ್ನು ತನ್ನ ಆಸರೆಯಲ್ಲಿ ಇಟ್ಟುಕೊಂಡಿದ್ದ ಮಹಾದಜಿ ಸಿಂಧಿಯಾ ತನ್ನನ್ನು ಪಾಟೀಲನೆಂದು ಕರೆದರೆ ಸಂತೋಷಪಡುತ್ತಿದ್ದನು. 1794ರಲ್ಲಿ ತೀರಿಹೋದ ಆ ದೊಡ್ಡ ಸರದಾರನನ್ನು ಜನ ಪಾಟೀಲಬಾಬಾ ಎಂದೇ ಕರೆದರು. ದೊಡ್ಡ ದೊಡ್ಡ ಬಿರುದುಗಳು ದಂಡಿನ ಜೊತೆ ಬಂದು ಹೋಗುತ್ತವೆ, ವತನದ ಮಣ್ಣು ಉಳಿಯುತ್ತದೆ ಎಂಬ ತಿಳಿವಳಿಕೆ ಅವನಿಗೂ ಇತ್ತೆಂದು ತೋರುತ್ತದೆ.

ಇನ್ನು, ಒಂದು ಊರಿಗೆ ಒಬ್ಬನೇ ಅಥವಾ ಇಬ್ಬರೇ ಪಾಟೀಲರು ಇದ್ದ ಮೇಲೆ ಈ ಹೆಸರಿನವರು ಇಷ್ಟು ಲಕ್ಷಾಂತರ ಜನ ಹೇಗಾದರು? ಇದಕ್ಕೆ ಉತ್ತರ ಕಾಯಿದೆಯ ಪುಸ್ತಕದಲ್ಲಿದೆ. ಇಂಗ್ಲಿಷರು 1874ರಲ್ಲಿ ಮುಂಬಯಿ ಪ್ರಾಂತಕ್ಕೆ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ಮಾಡಿದರು. ಜನ ಅದನ್ನು ವತನ ಕಾಯಿದೆ ಎಂದರು. ಒಂದು ವತನದ ಮನೆತನದಲ್ಲಿ ಯಾರು ಯಾರು ಪಾಲುದಾರರು ಎಂಬುದು ದಫ್ತರಿಗೆ ಏರಿತು. ಕೆಲಸ ಮಾಡುವವನು ಒಬ್ಬ. ಆದರೆ ವತನದಾರರು ಅಣ್ಣತಮ್ಮಂದಿರು, ದಾಯಾದಿಗಳು ಎಲ್ಲರೂ. ಎಲ್ಲರೂ ಹೆಸರಿನ ಮುಂದೆ ಪಾಟೀಲ ಎಂದು ಬರೆದುಕೊಂಡರು. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮಾಸ್ತರರು ಅದನ್ನೇ ದಾಖಲೆ ಪುಸ್ತಕದಲ್ಲಿ ಬರೆದರು. ಹುದ್ದೆ ಒಂದೇ ಉಳಿಯಿತು, ಹೆಸರು ಮಾತ್ರ ಮನೆಮನೆಗೂ ಹಂಚಿಹೋಯಿತು.

ಈ ಹಂಚಿಕೆಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಇರಲಿಲ್ಲ ಎಂಬುದನ್ನೂ ಹೇಳಬೇಕು. 1886ರ ತಿದ್ದುಪಡಿ ಕಾಯಿದೆಯ ಪ್ರಕಾರ ವತನದ ಮನೆಯ ಹೆಣ್ಣುಮಗಳು, ಆ ಮನೆತನದಲ್ಲಿ ಹಕ್ಕುಳ್ಳ ಗಂಡಸು ಒಬ್ಬ ಇರುವ ತನಕ, ಹಿಂದೆ ನಿಲ್ಲಬೇಕು. ಕೊನೆಯ ವತನದಾರನ ವಿಧವೆಗೆ ಮಾತ್ರ ರಿಯಾಯಿತಿ. ಸ್ವಂತ ಮಗಳಿಗಿಂತ ದೂರದ ದಾಯಾದಿಯೇ ಸರಕಾರಕ್ಕೆ ಹತ್ತಿರದವನಾದನು.

ಹೈದರಾಬಾದಿನ ನಿಜಾಮರ ಕಡೆ ಇನ್ನೊಂದು ಬಗೆ. ಅಲ್ಲಿ ಕಂದಾಯಕ್ಕೆ ಒಬ್ಬ, ಪೋಲೀಸಿಗೆ ಒಬ್ಬ. ಕಂದಾಯದವನು ಮಾಲಿಪಾಟೀಲ, ಇನ್ನೊಬ್ಬ ಪೋಲೀಸ್‌ಪಾಟೀಲ. ಕಲಬುರಗಿ, ರಾಯಚೂರು, ಕೊಪ್ಪಳ ಕಡೆಯವರಲ್ಲಿ ಈ ಎರಡು ಅಡ್ಡಹೆಸರುಗಳು ಇಂದಿಗೂ ಇವೆ. ಮಾಲಿ ಎಂದರೆ ತೋಟದ ಮಾಲಿಯಲ್ಲ. ಸರಕಾರದ ಮಾಲು, ಅಂದರೆ ಕಂದಾಯ. ಅಡ್ಡಹೆಸರು ಕೇಳಿದರೆ ಸಾಕು, ಆ ಮನೆಯವರ ಮುತ್ತಜ್ಜ ನಿಜಾಮನ ಕಡೆಯವನೋ ಮುಂಬಯಿ ಕಡೆಯವನೋ ಎಂದು ಬಹುಮಟ್ಟಿಗೆ ಹೇಳಬಹುದು. ಮೈಸೂರು ಸೀಮೆಯಲ್ಲಿ ಮನೆತನದ ಅಡ್ಡಹೆಸರು ಬರೆಯುವ ರೂಢಿಯೇ ಕಡಿಮೆ. ಊರಿನ ಹೆಸರು, ತಂದೆಯ ಹೆಸರು ಮೊದಲಕ್ಷರಗಳಾಗಿ ಮುಂದೆ ಬರುತ್ತಿದ್ದವು. ಆದುದರಿಂದ ಅಲ್ಲಿ ಪಟೇಲ ಎಂಬುದು ಹುದ್ದೆಯಲ್ಲಿದ್ದವನ ಹೆಸರಿಗೆ ಮಾತ್ರ ಅಂಟಿಕೊಂಡಿತು. ಅಪರೂಪಕ್ಕೆ ಮನೆತನದ ಹೆಸರಾಯಿತು.

ಈಗ ಹೆಸರಿನ ನಕ್ಷೆ ನೋಡೋಣ. ನಮ್ಮ ದೇಶದ ಜನಗಣತಿಯವರು ಅಡ್ಡಹೆಸರುಗಳ ಎಣಿಕೆ ಪ್ರಕಟಿಸುವುದಿಲ್ಲ. ಆದುದರಿಂದ ಇಂತಿಷ್ಟು ಲಕ್ಷ ಎಂದು ಹೇಳುವವರ ಮಾತನ್ನು ನಂಬಬೇಕಾಗಿಲ್ಲ. ಆದರೆ ಎಲ್ಲಿ ದಟ್ಟವಾಗಿದೆ ಎಂಬುದು ಕಣ್ಣಿಗೆ ಕಾಣುವ ಸಂಗತಿ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ. ಖಾನದೇಶದ ಜಳಗಾಂವ, ಧುಳೆ. ಮುಂಬಯಿಯ ಮಗ್ಗುಲಿನ ಠಾಣೆ, ರಾಯಗಡ. ನಮ್ಮಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ, ಗದಗ, ಹಾವೇರಿ, ಕಲಬುರಗಿ, ಬೀದರ. ಜಾತಿ ನೋಡಿದರೆ ಮರಾಠರು, ಕುಣಬಿಗಳು, ಖಾನದೇಶದ ಲೇವಾ ಪಾಟೀಲರು, ಕೊಂಕಣದ ಆಗ್ರಿಗಳು, ಕೋಳಿಗಳು. ನಮ್ಮ ಕಡೆ ಲಿಂಗಾಯತರು, ಜೈನರು, ರೆಡ್ಡಿಗಳು, ಮುಸಲ್ಮಾನರು. ಯಾವ ಊರಿನಲ್ಲಿ ಯಾವ ಜನ ಜಮೀನು ಹಿಡಿದು ಬಲವಾಗಿದ್ದರೋ ಅವರ ಮನೆಗೆ ಪಾಟೀಲಕಿ ಹೋಯಿತು. ಹೆಸರು ಜಾತಿಯನ್ನು ಹೇಳುವುದಿಲ್ಲ. ಆ ಊರಿನಲ್ಲಿ ಬಲ ಯಾರ ಕೈಯಲ್ಲಿತ್ತು ಎಂಬುದನ್ನು ಹೇಳುತ್ತದೆ.

ಗುಜರಾತಿನ ಪಟೇಲರದು ಬೇರೆ ಕಥೆ. ಅಲ್ಲಿ ಕಣಬಿ ಎಂಬ ಬೇಸಾಯದ ಜಾತಿಯವರು ಹುದ್ದೆಯ ಹೆಸರನ್ನು ಇಡೀ ಜಾತಿಗೇ ಹಚ್ಚಿಕೊಂಡರು. ಪಾಟೀದಾರರು ಎಂದೂ ಕರೆದುಕೊಂಡರು. 1928ರಲ್ಲಿ ಬಾರ್ಡೋಲಿಯ ರೈತರನ್ನು ಕಟ್ಟಿ ನಿಲ್ಲಿಸಿದ ವಲ್ಲಭಭಾಯಿ ಪಟೇಲರು ಅವರ ಪೈಕಿ. ಆದರೆ ಅಲ್ಲಿಯೂ ಭರೂಚ್ ಕಡೆ ಮುಸಲ್ಮಾನ ಪಟೇಲರಿದ್ದಾರೆ, ಪಾರ್ಸಿಗಳಲ್ಲಿ ಪಟೇಲರಿದ್ದಾರೆ. ಗುಜರಾತಿನಿಂದ ಈ ಹೆಸರು ಹಡಗು ಹತ್ತಿ ಪೂರ್ವ ಆಫ್ರಿಕಕ್ಕೆ ಹೋಯಿತು. 1972ರಲ್ಲಿ ಈದಿ ಅಮೀನ್ ಉಗಾಂಡದಿಂದ ಏಷ್ಯದವರನ್ನು ಹೊರಹಾಕಿದಾಗ ಸಾವಿರಾರು ಪಟೇಲರು ಕೈಗೆ ಸಿಕ್ಕಷ್ಟು ಹಿಡಿದುಕೊಂಡು ಇಂಗ್ಲೆಂಡಿಗೆ ಬಂದಿಳಿದರು, ಮೂಲೆ ಅಂಗಡಿಗಳನ್ನು ಇಟ್ಟರು. ಅಮೆರಿಕದಲ್ಲಿ ರಸ್ತೆ ಪಕ್ಕದ ವಸತಿಗೃಹಗಳನ್ನು ಕೊಂಡು ಗಂಡ, ಹೆಂಡತಿ, ಮಕ್ಕಳು ತಾವೇ ಹಾಸಿಗೆ ಮಡಿಸಿ, ನೆಲ ಒರಸಿ ನಡೆಸಿದರು. ಅಮೆರಿಕದವರು ಅಡ್ಡಹೆಸರು ಎಣಿಸುತ್ತಾರೆ: 2010ರ ಎಣಿಕೆಯಲ್ಲಿ ಪಟೇಲ್ ಹೆಸರಿನವರು ಎರಡು ಲಕ್ಷಕ್ಕೂ ಮಿಕ್ಕಿ ಇದ್ದು, ಅಲ್ಲಿನ ಮೊದಲ ನೂರು ಹೆಸರುಗಳೊಳಗೆ ಅದು ಸೇರಿತು. ಊರಿನಲ್ಲಿ ಚಾವಡಿಯ ಯಜಮಾನನ ಹೆಸರು, ಹೊರದೇಶದಲ್ಲಿ ಅಂಗಡಿಕಾರನ ಹೆಸರಾಯಿತು.

ಹೆಸರಿನ ಕಥೆಯಲ್ಲಿ ಚಾವಡಿಯ ಕಟ್ಟೆಯ ಮೇಲೆ ಕುಳಿತವನ ಮಾತಷ್ಟೇ ಆಡಿದರೆ ಸಾಲದು. ಕಟ್ಟೆಯ ಕೆಳಗೆ ನಿಂತವನೂ ಒಂದು ಹೆಸರು ಹೊತ್ತಿದ್ದಾನೆ. ತಳವಾರ ಎಂಬುದು ಊರು ಕಾಯುವವನ ಹುದ್ದೆ. ವಾಲಿಕಾರ ಎಂಬುದು ಓಲೆ ಒಯ್ಯುವ ಓಲೆಕಾರ. ಮಹಾರಾಷ್ಟ್ರದಲ್ಲಿ ಈ ಕೆಲಸ ಮಹಾರರ ಪಾಲಿಗೆ ಬಂದಿತ್ತು. ಅವರಿಗೂ ವತನವೆಂಬ ಹೆಸರಿತ್ತು. ತುಂಡು ಹೊಲ, ಸುಗ್ಗಿಯಲ್ಲಿ ಒಂದಿಷ್ಟು ಕಾಳು, ಅದಕ್ಕೆ ಬದಲಾಗಿ ಹಗಲು ರಾತ್ರಿ ಎನ್ನದೆ ಮನೆಮಂದಿಯೆಲ್ಲಾ ದುಡಿಯಬೇಕು. ಪಾಟೀಲನಿಗೆ ವತನ ಆಸ್ತಿಯಾಯಿತು, ಮಹಾರನಿಗೆ ಅದೇ ಸಂಕೋಲೆಯಾಯಿತು. ಡಾಕ್ಟರ್ ಅಂಬೇಡಕರರು 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ವತನ ಕಾಯಿದೆಯನ್ನು ತಿದ್ದುವ ಮಸೂದೆ ತಂದದ್ದು ಈ ಕಾರಣಕ್ಕಾಗಿ. ಅವರ ಬೇಡಿಕೆ ಮಹಾರರ ವತನ ಹಿಗ್ಗಲಿ ಎಂಬುದಲ್ಲ. ಅದರ ಬಂಧನದಿಂದ ಅವರಿಗೆ ಬಿಡುಗಡೆ ಸಿಗಲಿ ಎಂಬುದು. ಆ ಕೆಳದರ್ಜೆಯ ವತನಗಳು ಮುಂಬಯಿ ರಾಜ್ಯದಲ್ಲಿ ರದ್ದಾಗಲು 1958ರ ಕಾಯಿದೆ ಬರಬೇಕಾಯಿತು. ಮೂವತ್ತು ವರ್ಷ!

ಹುದ್ದೆಗಳು ಹೋದದ್ದು ಹೀಗೆ: ಮುಂಬಯಿ ಸರಕಾರ 1950ರ ಕಾಯಿದೆಯಿಂದ ದೇಸಾಯಿ, ದೇಶಪಾಂಡೆ, ಕುಲಕರ್ಣಿ ವತನಗಳನ್ನು ತೆಗೆಯಿತು. ಮೈಸೂರು ರಾಜ್ಯದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದಿತು. ಪಟೇಲ, ಪಾಟೀಲ, ಶಾನುಭೋಗ, ಕುಲಕರ್ಣಿ, ತೋಟಿ, ತಳವಾರ ಎಲ್ಲಾ ವಂಶಪಾರಂಪರ್ಯ ಹುದ್ದೆಗಳೂ ಒಂದೇ ಏಟಿಗೆ ಹೋದವು. ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಮಹಾರಾಷ್ಟ್ರದಲ್ಲಿ ಕಂದಾಯ ಪಾಟೀಲಕಿ 1962ರ ಕಾಯಿದೆಯಿಂದ ಹೋಯಿತು. ಪೋಲೀಸ್ ಪಾಟೀಲ ಮಾತ್ರ ವಂಶದ ಹಕ್ಕು ಕಳೆದುಕೊಂಡು, ಸರಕಾರ ನೇಮಿಸುವ ಗೌರವಧನದ ಕೆಲಸವಾಗಿ ಅಲ್ಲಿ ಉಳಿದಿದ್ದಾನೆ. ತೆಲುಗು ನಾಡಿನ ಪಟೇಲ್–ಪಟ್ವಾರಿ ಪದ್ಧತಿ 1980ರ ದಶಕದಲ್ಲಿ ಎನ್.ಟಿ. ರಾಮರಾವ್ ಸರಕಾರದ ಕೈಯಲ್ಲಿ ಮುಗಿಯಿತು.

ಆದರೆ ಹುದ್ದೆ ಹೋದರೂ ಜಮೀನು ಏನಾಯಿತು ಎಂಬುದನ್ನು ದುಡಿಯುವ ಜನ ಕೇಳಬೇಕು. ನಮ್ಮ ಕಾಯಿದೆಯ ಪ್ರಕಾರ ವತನದ ಜಮೀನನ್ನು ಸರಕಾರ ವಾಪಸು ತೆಗೆದುಕೊಂಡು, ಗೊತ್ತಾದ ಹಣ ಕಟ್ಟಿದ ಮೇಲೆ ಅದೇ ವತನದಾರನಿಗೆ ಮರುಮಂಜೂರು ಮಾಡಿತು. ದೊಡ್ಡ ಇನಾಮು ಇದ್ದವನಿಗೆ ದೊಡ್ಡ ಜಮೀನು ಉಳಿಯಿತು. ತೋಟಿಗೆ, ತಳವಾರನಿಗೆ ಅವನ ತುಂಡು ಹೊಲ ಉಳಿಯಿತು. ಕಡೆಗೆ 1978ರಲ್ಲಿ ತಿದ್ದುಪಡಿ ತಂದು, ಹೀಗೆ ಮರುಮಂಜೂರಾದ ಜಮೀನನ್ನು 15 ವರ್ಷ ಪರಭಾರೆ ಮಾಡಕೂಡದೆಂದು ಕಟ್ಟು ಮಾಡಿದರು. ನಡುವೆ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದಾಗಿ ಉಳುವವನು ಹೊಲದೊಡೆಯನಾಗುವ ದಾರಿ ತೆರೆಯಿತು. ಇಷ್ಟೂ ಸಂಗತಿಗಳನ್ನು ಸೇರಿಸಿ ನೋಡಿದರೆ ತಿಳಿಯುವುದು ಇದು: ಹೆಸರನ್ನು ಕಾಯಿದೆ ಮುಟ್ಟಲಿಲ್ಲ, ಹುದ್ದೆಯನ್ನು ಪೂರ್ತಿ ತೆಗೆಯಿತು, ಜಮೀನನ್ನು ಅರೆಬರೆ ಮುಟ್ಟಿತು.

ಹಾಗಾದರೆ ಅಡ್ಡಹೆಸರನ್ನೇ ಕಿತ್ತು ಹಾಕಿದರೆ ಆಗುವುದಿಲ್ಲವೇ ಎಂದು ನಮ್ಮ ಎಳೆಯ ಗೆಳೆಯರು ಕೇಳುತ್ತಾರೆ. ತಮಿಳುನಾಡಿನಲ್ಲಿ ಪೆರಿಯಾರರ ಸ್ವಾಭಿಮಾನ ಚಳವಳಿಯವರು 1929ರ ಚೆಂಗಲ್‌ಪಟ್ಟು ಸಮ್ಮೇಳನದಲ್ಲಿ ಜಾತಿ ಹೆಸರು ಬಿಡುವ ನಿರ್ಣಯ ಮಾಡಿದರು. ಅನೇಕರು ಬಿಟ್ಟರು, ಇಂದು ಅಲ್ಲಿ ಹೆಸರಿನ ಮುಂದೆ ಜಾತಿ ಬರೆದುಕೊಳ್ಳುವವರು ಕಡಿಮೆ. ಅದು ದೊಡ್ಡ ಕೆಲಸವೇ. ಆದರೆ ಹೆಸರಿನಿಂದ ಹೋದ ಜಾತಿ ಮದುವೆಯ ಚಪ್ಪರದಿಂದ ಅಲ್ಲಿಯೂ ಹೋಗಲಿಲ್ಲ. ಬಿಡುವವರು ಬಿಡಲಿ, ಸಂತೋಷ. ಬಿಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು.

ಇಟ್ಟುಕೊಂಡ ಮಾತ್ರಕ್ಕೆ ಮನುಷ್ಯ ಕೆಟ್ಟನೆಂದೂ ತಿಳಿಯಬಾರದು. ಸಾತಾರಾ ಜಿಲ್ಲೆಯಲ್ಲಿ 1943ರಿಂದ ಬ್ರಿಟಿಷರಿಗೆ ಎದುರಾಗಿ ಪ್ರತಿ ಸರಕಾರ ನಡೆಸಿದ ನಾನಾ ಪಾಟೀಲರ ಅಡ್ಡಹೆಸರು ಇದೇ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಸ್ಥಾಪಿಸಿ, ಎಲ್ಲ ಜಾತಿಯ ಬಡ ಹುಡುಗರನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿ ಉಣಬಡಿಸಿದ ಭಾವುರಾವ್ ಪಾಟೀಲರ ಅಡ್ಡಹೆಸರೂ ಇದೇ. ನಮ್ಮ ಪಕ್ಕದಲ್ಲೇ ನೋಡಿ: 1951ರ ಕಾಗೋಡು ಸತ್ಯಾಗ್ರಹದ ಗೇಣಿದಾರರ ಪಕ್ಕದಲ್ಲಿ ನಿಂತ ಶಾಂತವೇರಿ ಗೋಪಾಲಗೌಡರು ಹೆಸರಿನಲ್ಲಿ ಗೌಡರು. ಚನ್ನಗಿರಿ ತಾಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಹೆಸರಿನಲ್ಲಿ ಪಟೇಲರು. 1967ರಲ್ಲಿ ಸಮಾಜವಾದಿಯಾಗಿ ಲೋಕಸಭೆಗೆ ಆರಿಸಿಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದವರು, 1996ರಿಂದ 1999ರವರೆಗೆ ಮುಖ್ಯಮಂತ್ರಿಗಳಾಗಿದ್ದವರು. ದಿಲ್ಲಿಯವರು ಅವರನ್ನು ಗುಜರಾತಿಯವರೆಂದು ತಿಳಿದಿದ್ದರೆ ಆಶ್ಚರ್ಯವಿಲ್ಲ. ಸಂಕ್ರಮಣ ಪತ್ರಿಕೆಯ ಚಂದ್ರಶೇಖರ ಪಾಟೀಲರು, ಅಂದರೆ ನಮ್ಮ ಚಂಪಾ, ಕೊನೆಯ ತನಕ ಪಾಟೀಲರಾಗಿಯೇ ಬಂಡಾಯದ ಮಾತಾಡಿದರು. ಜಳಗಾಂವ ಜಿಲ್ಲೆಯಲ್ಲಿ ಹುಟ್ಟಿದ ಪ್ರತಿಭಾ ಪಾಟೀಲರು 2007ರಲ್ಲಿ ರಾಷ್ಟ್ರಪತಿಗಳಾದ ಮೊದಲ ಮಹಿಳೆ. ಹೆಣ್ಣುಮಗಳನ್ನು ಹಿಂದಕ್ಕೆ ನಿಲ್ಲಿಸಿದ ವತನದ ಹೆಸರು, ದೇಶದ ಅತಿ ದೊಡ್ಡ ಹುದ್ದೆಗೆ ಒಬ್ಬ ಹೆಣ್ಣುಮಗಳ ಹೆಸರಾಗಿ ಹೋಯಿತು.

ಸ್ನೇಹಿತರೇ, ಗಿರಣಿಯ ಹಾಜರಿ ಪುಸ್ತಕ ತೆರೆದು ನೋಡಿ. ಪಾಟೀಲ, ಕುಲಕರ್ಣಿ, ತಳವಾರ, ವಾಲಿಕಾರ, ಬಡಿಗೇರ, ಕಂಬಾರ — ಒಂದು ಹಳೆಯ ಹಳ್ಳಿಯ ಚಾವಡಿಯೇ ಸಾಲಾಗಿ ನಿಂತಿದೆ. ವ್ಯತ್ಯಾಸವೆಂದರೆ, ಚಾವಡಿಯಲ್ಲಿ ಒಬ್ಬ ಕುಳಿತಿದ್ದ, ಒಬ್ಬ ನಿಂತಿದ್ದ. ಇಲ್ಲಿ ಎಲ್ಲರೂ ನಿಂತಿದ್ದಾರೆ. ಎಲ್ಲರಿಗೂ ಒಂದೇ ಭೋಂಗಾ, ಒಂದೇ ಪಾಳಿ, ಒಂದೇ ಹತ್ತಿ ಧೂಳು. ಪಾಟೀಲನ ಮೊಮ್ಮಗನಿಗೆ ಹೆಸರು ಉಳಿದಿದೆ, ಇನಾಮು ಉಳಿದಿಲ್ಲ. ಅವನು ವಾಲಿಕಾರನ ಮೊಮ್ಮಗನ ಜೊತೆ ಸಂಘದ ಚೀಟಿ ಹರಿಸಿದರೆ ಅವನಿಗೆ ನಷ್ಟವೇನು? ಹಳೆಯ ಮಾನಪಾನದ ನೆನಪಿನಲ್ಲಿ ಬೇರೆ ನಿಂತರೆ ಲಾಭ ಯಾರಿಗೆ?

ಆದುದರಿಂದ ನನ್ನ ಸೂಚನೆ ಸಣ್ಣದು. ಮನೆ ಬಾಡಿಗೆಗೆ ಕೊಡುವವರು, ಉದ್ದರಿ ಬರೆಯುವವರು, ಕೆಲಸಕ್ಕೆ ಇಟ್ಟುಕೊಳ್ಳುವವರು ಅಡ್ಡಹೆಸರು ಕೇಳಿ ಲೆಕ್ಕ ಹಾಕುವುದನ್ನು ಬಿಡಬೇಕು. ಆ ಲೆಕ್ಕ ತಪ್ಪೆಂಬುದನ್ನು ಈಗತಾನೇ ನೋಡಿದೆವು. ಕೇಳಬೇಕೆಂದಿದ್ದರೆ, ತಿಂಗಳ ಬಾಡಿಗೆ ಸರಿಯಾಗಿ ಕೊಡುತ್ತೀಯಾ ಎಂದು ಕೇಳಲಿ. ಪಾಟೀಲರು ತಮ್ಮ ಹೆಸರು ಒಂದು ಕಾಲದ ಕೆಲಸದ ಹೆಸರೆಂದು ಮಕ್ಕಳಿಗೆ ಹೇಳಲಿ. ತಳವಾರರೂ ವಾಲಿಕಾರರೂ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಲಿ. ಊರು ಮಲಗಿದ್ದಾಗ ಎಚ್ಚರವಿದ್ದವರ ಹೆಸರು ಅದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.